ವೀಣಾ, ಮಗನ ಗೆಳೆಯರನ್ನು ಬಿಡಿಸಬೇಡ

ವೀಣಾ, ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಮಾತಾಡಿದ ಹಾಗೇ ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ. ಅಡುಗೆ ಮುಗಿಸಿ ಕೂತು ಓದು.

ಎಂಟನೇ ಕ್ಲಾಸಿನವರೆಗೆ ತಾನಾಗಿ ಓದುತ್ತಿದ್ದ ನಿನ್ನ ಮಗ, ಒಂಬತ್ತಕ್ಕೆ ಡಿವಿಷನ್ ಬದಲಾದ ಮೇಲೆ ಪುಸ್ತಕ ಮುಟ್ಟುತ್ತಿಲ್ಲ, ಹೊಸ ನಾಲ್ಕು ಹುಡುಗರ ಜೊತೆಗೇ ಇರುತ್ತಾನೆ ಅಂದೆ. ಅಳಿಯಂದಿರು ಶಾಲೆಯನ್ನೇ ಬದಲಿಸೋಣ ಅನ್ನುತ್ತಿದ್ದಾರೆ. ಈ ವಾಟ್ಸಾಪ್ ಗ್ರೂಪಿನಲ್ಲೂ ಎಲ್ಲರೂ ಸಹವಾಸ ದೋಷ ಅಂತ ಹೇಳಿ ಮುಗಿಸಿದರು. ಆದರೆ ನೀನು ಮಧ್ಯದಲ್ಲಿ ಒಂದು ಮಾತು ಹೇಳಿದೆ, ಅದನ್ನು ಯಾರೂ ಹಿಡಿಯಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆಯಲ್ಲಿ ಕೂತು ಗಣಿತ ಮಾಡುತ್ತಿದ್ದನಂತೆ. ಬೆಳಿಗ್ಗೆ 'ಅಮ್ಮಾ, ನಾನು ಓದಿದೆ ಅಂತ ಬಿಲ್ಡಿಂಗ್‌ನಲ್ಲಿ ಯಾರಿಗೂ ಹೇಳಬೇಡ' ಅಂದನಂತೆ.

ಅವನಿಗೆ ಓದುವ ಆಸೆ ಹೋಗಿಲ್ಲ ವೀಣಾ. ಬಚ್ಚಿಟ್ಟುಕೊಂಡಿದ್ದಾನೆ.

ಡೊಂಬಿವಲಿಯ ಹುಡುಗರ ಬಾಯಲ್ಲಿ 'ಏ ಸ್ಕಾಲರ್' ಅನ್ನುವುದು ಹೊಗಳಿಕೆ ಅಲ್ಲ, ಅದು ನಿನಗೂ ಗೊತ್ತು. ಹದಿನಾಲ್ಕರ ವಯಸ್ಸಿಗೆ ಆ ಹೆಸರು ಬಿದ್ದರೆ ಡಬ್ಬ ತಿನ್ನುವಾಗ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಅವನಿಗೆ ಮಾರ್ಕ್ಸಿಗಿಂತ ಅದೇ ದೊಡ್ಡ ಭಯ.

ಅಮೆರಿಕದ ಲಾಸ್ ಏಂಜಲೀಸ್‌ನ ಹೈಸ್ಕೂಲುಗಳಲ್ಲಿ ಬರ್ಸ್‌ಟಿನ್, ಜೆನ್ಸೆನ್ ಅನ್ನುವ ಇಬ್ಬರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. 2015ರಲ್ಲಿ ಅದು ಪ್ರಕಟವಾಯಿತು. ಕಾಲೇಜು ಪ್ರವೇಶ ಪರೀಕ್ಷೆಗೆ ಪುಕ್ಕಟೆ ಕೋಚಿಂಗ್ ಕೊಡುತ್ತೇವೆ, ಬೇಕಾದವರು ಫಾರಂ ತುಂಬಿ ಅಂದರು. ಕೆಲವರ ಫಾರಂನಲ್ಲಿ 'ನಿಮ್ಮ ತೀರ್ಮಾನ ಕ್ಲಾಸಿನವರಿಗೆ ಗೊತ್ತಾಗುವುದಿಲ್ಲ' ಅಂತ ಇತ್ತು, ಇನ್ನು ಕೆಲವರದ್ದರಲ್ಲಿ ಗೊತ್ತಾಗಬಹುದು ಅಂತ. ಸಾಮಾನ್ಯ ಕ್ಲಾಸುಗಳಲ್ಲಿ, ಗೊತ್ತಾಗುತ್ತದೆ ಅಂದಾಗ ಹೆಸರು ಕೊಟ್ಟವರು 100ಕ್ಕೆ 11 ಮಂದಿ ಕಡಿಮೆ. ಓದುವವರೇ ಜಾಸ್ತಿ ಇರುವ ಕ್ಲಾಸುಗಳಲ್ಲಿ ಏನೂ ವ್ಯತ್ಯಾಸ ಇಲ್ಲ. ಎರಡೂ ಥರದ ಕ್ಲಾಸಿಗೆ ಹೋಗುವ ಮಕ್ಕಳೂ ಇದ್ದರು. ಆ ಹೊತ್ತಿಗೆ ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಅವರ ಉತ್ತರವೇ ಬೇರೆಯಾಯಿತು. ನಿಮ್ಮ ಹುಡುಗನದ್ದೂ ಇದೇ ಕಥೆ, ಅಲ್ವಾ?

ನಾನು ಇದನ್ನು ಓದಿ ತಿಳಿಯುವ ಮೊದಲೇ ಕಣ್ಣಾರೆ ನೋಡಿದ್ದೆ. ಎಂಬತ್ತರ ದಶಕದಲ್ಲಿ ಮುಂಬಯಿಯ ಫೋರ್ಟ್‌ನಲ್ಲಿ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆನಲ್ಲ, ನೀನಾಗ ಚಿಕ್ಕವಳು. ಬರುವವರೆಲ್ಲ ಹೋಟೆಲ್ ಹುಡುಗರು. ಬೆಳಿಗ್ಗೆ ಐದಕ್ಕೆ ಎದ್ದು ಟೇಬಲ್ ಒರೆಸಿ, ಲೋಟ ತೊಳೆದು, ಸಂಜೆ ಕೈಯಲ್ಲಿ ಸಾಂಬಾರಿನ ವಾಸನೆ ಹೊತ್ತು ಬೆಂಚಿನ ಮೇಲೆ ತೂಗಡಿಸುತ್ತಿದ್ದರು. ಅವರಿಗೆ ಓದು ಅಂತ ಹೇಳುವ ಅಪ್ಪ ಅಮ್ಮ ಊರಲ್ಲಿ, ಉಡುಪಿ ಕುಂದಾಪುರದ ಕಡೆ. ಇಲ್ಲಿ ಇದ್ದದ್ದು ಒಟ್ಟಿಗೆ ಮಲಗುವ ಹುಡುಗರು ಮಾತ್ರ. ಒಂದು ಹೋಟೆಲಿನಿಂದ ಒಬ್ಬ ಬಂದರೆ ತಿಂಗಳೊಳಗೆ ಇನ್ನಿಬ್ಬರು ಬರುತ್ತಿದ್ದರು. ಒಬ್ಬ ಬಿಟ್ಟರೆ ಒಂದೇ ವಾರದಲ್ಲಿ ಮೂರು ಜಾಗ ಖಾಲಿ. ನಾನು ಮೊದಮೊದಲು ಬಿಟ್ಟವನನ್ನು ಹುಡುಕಿಕೊಂಡು ಹೋಗಿ ಬೈಯುತ್ತಿದ್ದೆ. ಆಮೇಲೆ ಬೈಯುವುದು ಬಿಟ್ಟೆ. ಅವನ ಜೊತೆಯವನ ಹತ್ತಿರ 'ನಾಳೆ ಬರುವಾಗ ಅವನನ್ನೂ ಎಬ್ಬಿಸಿಕೊಂಡು ಬಾ' ಅಂತ ಹೇಳುತ್ತಿದ್ದೆ. ಎಷ್ಟೋ ಸಲ ಇಬ್ಬರೂ ಬಂದರು.

ಅದಕ್ಕೇ ಹೇಳುತ್ತೇನೆ, ಆ ನಾಲ್ಕು ಹುಡುಗರನ್ನು ಬಿಡಿಸಲು ಹೋಗಬೇಡಿ. ಬಿಡಿಸಿದರೆ ಓದು ವಾಪಸ್ ಬರುವುದಿಲ್ಲ, ಹುಡುಗ ಒಂಟಿಯಾಗುತ್ತಾನೆ ಅಷ್ಟೆ. ಆ ನಾಲ್ವರಲ್ಲೂ ಒಬ್ಬನಾದರೂ ತನ್ನ ಮನೆಯ ಅಡುಗೆಮನೆಯಲ್ಲಿ ಹೀಗೇ ಕದ್ದು ಓದುತ್ತಿರಬಹುದು. ಉಳಿದವರಿಗೆ ಓದು ಇಷ್ಟವಿಲ್ಲ ಅಂತ ಪ್ರತಿಯೊಬ್ಬನೂ ಅಂದುಕೊಂಡಿರಬಹುದು.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಠಾಣೆಯ ಅಕ್ಕನ ಮಗಳ ತೊಂಬತ್ತೈದು ಪರ್ಸೆಂಟ್ ಅವನ ಎದುರಿಗೆ ಎತ್ತಬೇಡಿ. ಅದರಿಂದ ಅವನಿಗೆ ಉತ್ಸಾಹ ಬರುವುದಿಲ್ಲ. 1985ರಲ್ಲಿ ಶಂಕ್, ಹ್ಯಾನ್ಸನ್ ಅನ್ನುವವರು ಒಂದು ಕೆಲಸ ಮಾಡಿದರು. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಬಾರದ ಮಕ್ಕಳಿಗೆ ವಿಡಿಯೋ ತೋರಿಸಿದರು. ಕೆಲವರಿಗೆ ಟೀಚರ್ ಮಾಡಿದ್ದು, ಕೆಲವರಿಗೆ ತಮ್ಮಂಥದೇ ಮಗು ಕಲಿತದ್ದು. ಮಗುವನ್ನು ನೋಡಿದವರಿಗೆ 'ನನಗೂ ಆಗುತ್ತದೆ' ಅನ್ನುವ ಧೈರ್ಯ ಜಾಸ್ತಿ ಬಂತು, ಲೆಕ್ಕವೂ ಚೆನ್ನಾಗಿ ಬಂತು. ತನ್ನ ಹಾಗೇ ಇರುವವನಿಗೆ ಬಂತು ಅಂದರೆ ಮಗು ನಂಬುತ್ತದೆ. ತೊಂಬತ್ತೈದರ ಅಕ್ಕ ಅವನ ಕಣ್ಣಿಗೆ ಬೇರೆ ಲೋಕದವಳು.

ಶಾಲೆ ಬದಲಿಸುವ ಮಾತು ದೀಪಾವಳಿವರೆಗೆ ಬೇಡ ಅಂತ ಅಳಿಯಂದಿರಿಗೆ ನಾನೇ ಫೋನ್ ಮಾಡುತ್ತೇನೆ. ಅಡುಗೆಮನೆಯ ಗುಟ್ಟನ್ನು ಬಿಲ್ಡಿಂಗ್‌ನಲ್ಲಿ ಯಾರಿಗೂ ಹೇಳಬೇಡ. ನಾವೇ ಗ್ರೂಪಿನಲ್ಲಿ ಹೇಳಿಬಿಟ್ಟೆವು, ಇಲ್ಲಿರುವವರು ದಯವಿಟ್ಟು ಅವನೆದುರು ಬಾಯಿಬಿಡಬೇಡಿ. ಈ ಭಾನುವಾರ ಆ ನಾಲ್ವರನ್ನೂ ಮನೆಗೆ ಕರೆ. ಓದುವುದಕ್ಕೆ ಅಂತ ಹೇಳಬೇಡ, ನೀರುದೋಸೆ ತಿನ್ನುವುದಕ್ಕೆ ಅಂತ ಕರೆ. ನಾನು ಹತ್ತರ ಲೋಕಲ್ ಹಿಡಿದು ಬರುತ್ತೇನೆ. ತಿಂದಾದ ಮೇಲೆ ಬೀಜಗಣಿತದ ಒಂದು ಲೆಕ್ಕ ನನಗೆ ಬರುತ್ತಿಲ್ಲ, ಯಾರಾದರೂ ಹೇಳಿಕೊಡಿ ಅಂತ ಸುಮ್ನೆ ಮೇಜಿನ ಮೇಲೆ ಇಡುತ್ತೇನೆ. ಯಾರು ಮೊದಲು ಪೆನ್ಸಿಲ್ ಎತ್ತುತ್ತಾರೆ ನೋಡೋಣ.