ಬೇಗ ಬಿತ್ತಿದವನಿಗೇ ಸಕ್ಕರೆಯೇ? ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ ಸಂದೇಶದೊಂದಿಗೆ): ‘ಸಕ್ಕರೆ ಬೀಟ್ ಬೆಳೆಗಾರರೇ, ಬೇಗ ಬಿತ್ತಿದವನಿಗೇ ಹೆಚ್ಚು ಸಕ್ಕರೆ!’ ನಾನು ಹೋದ ತಿಂಗಳಿನಿಂದ ಹೇಳುತ್ತಿರುವುದೂ ಇದನ್ನೇ. ಈ ವಾರವೇ ಬೀಜ ಮಣ್ಣಿಗೆ ಬೀಳಬೇಕು.

ಅಕ್ಕ: ಇದನ್ನು ಬರೆದವರು ಯಾರು, ಯಾವ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು ಎಂಬುದು ಇದರಲ್ಲಿ ಎಲ್ಲಿದೆ? ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ, 2025ರಲ್ಲಿ ಅಲ್ಲಿನ ಸಕ್ಕರೆ ಕಾರ್ಖಾನೆ ಮುಚ್ಚುವವರೆಗೆ, ಸೆಪ್ಟೆಂಬರಿನ ಹೊತ್ತಿಗೆ ಬಿತ್ತಿ ಮರುವರ್ಷದ ಏಪ್ರಿಲಿನಿಂದ ಗೆಡ್ಡೆ ಕೀಳುತ್ತಿದ್ದರು. ಉತ್ತರ ಯುರೋಪಿನಲ್ಲಿ ಮಾರ್ಚ್, ಏಪ್ರಿಲಿನಲ್ಲಿ ಬಿತ್ತಿ ಅದೇ ವರ್ಷದ ಸೆಪ್ಟೆಂಬರಿನಿಂದ ಕಟಾವು ಮಾಡುತ್ತಾರೆ. ‘ಬೇಗ’ ಎಂದರೆ ಯಾವುದಕ್ಕಿಂತ ಬೇಗ ಎಂದು ಹೇಳದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ.

ಚಿಕ್ಕಪ್ಪ: ನಾನು ಏನು ಹಾಕಿದರೂ ನಿನ್ನ ಮೊದಲ ಪ್ರಶ್ನೆ ಇದೇ. ಇದನ್ನೇ ನಿನ್ನ ಗಂಡ ಹಾಕಿದ್ದರೆ ಆಧಾರ ಕೇಳುತ್ತಿರಲಿಲ್ಲ. ಹಗಲು ಅತಿ ದೀರ್ಘವಾಗಿರುವ ಜೂನಿನಲ್ಲಿ ಸಾಲುಗಳ ನಡುವಿನ ನೆಲ ಎಲೆಯಿಂದ ಮುಚ್ಚಿರಬೇಕು. ಬರಿ ಮಣ್ಣಿನ ಮೇಲೆ ಬಿದ್ದ ಬಿಸಿಲು ಗೆಡ್ಡೆಗೆ ಇಳಿಯುವುದಿಲ್ಲ. ಇದಕ್ಕೂ ಆಧಾರ ಬೇಕೇ?

ದೊಡ್ಡಪ್ಪ: ಮಕ್ಕಳೇ, ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು. ಹಿರಿಯರು ಕ್ಯಾಲೆಂಡರ್ ನೋಡಲಿಲ್ಲ, ಮಣ್ಣನ್ನು ಹಿಡಿದು ನೋಡಿದರು. ಈಗಿನವರಿಗೆ ಮಣ್ಣು ಮುಟ್ಟುವ ಮೊದಲೇ ಮಾತು ಮುಗಿಯಬೇಕು.

ಅಕ್ಕ: ದೊಡ್ಡಪ್ಪ, ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಬೀಟಿನ ಬೆದೆ ಎಂದರೆ ತೇವವೊಂದೇ ಅಲ್ಲ, ಮಣ್ಣಿನ ಬಿಸಿಯೂ ಹೌದು. ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೀಜ ಅಲುಗಾಡತೊಡಗುತ್ತದೆ ನಿಜ, ಆದರೆ ಅಂಥ ಚಳಿಯಲ್ಲಿ ಮೊಳಕೆ ವಾರಗಟ್ಟಲೆ ಮಣ್ಣಿನಡಿಯೇ ಉಳಿದು ಕೊಳೆಯುತ್ತದೆ, ಇಲ್ಲವೇ ಮಳೆ ಬಿದ್ದು ಹಕ್ಕಳೆಗಟ್ಟಿದ ಮೇಲ್ಮಣ್ಣನ್ನು ಒಡೆಯಲಾರದೆ ಸೋಲುತ್ತದೆ. ಬೀಟು ಎರಡು ವರ್ಷದ ಗಿಡ. ಮೊದಲ ವರ್ಷ ಗೆಡ್ಡೆ ಕಟ್ಟಿ, ಚಳಿಗಾಲ ಕಳೆದು, ಎರಡನೆಯ ವರ್ಷ ಹೂಬಿಡುವುದು ಅದರ ಸ್ವಭಾವ. ಎಳೆಯ ಗಿಡ ತಂಪಿನಲ್ಲಿ ಬಹಳ ದಿನ ನಿಂತರೆ ಚಳಿಗಾಲ ಕಳೆಯಿತೆಂದೇ ತಿಳಿದು ಅದೇ ವರ್ಷ ಹೂದಂಟು ಎತ್ತುತ್ತದೆ. ಚಿಕ್ಕಪ್ಪ ಆತುರಪಟ್ಟ ಆ ವರ್ಷ ಅಂಥ ಒಂದು ಗಿಡವನ್ನು ಕಿತ್ತು ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದಿದ್ದೆ. ಚಾಕು ಅರ್ಧಕ್ಕೇ ನಿಂತಿತು, ಒಳಗೆ ಮರದ ನಾರಿನಂಥ ಬಿಳಿ ಎಳೆಗಳಿದ್ದವು.

ಚಿಕ್ಕಪ್ಪ: ಆ ವರ್ಷದ ಮಾತು ಬಂದೇ ಬರುತ್ತದೆಂದು ಗೊತ್ತಿತ್ತು. ಎರಡರಿಂದ ಮೂರು ಸೆಂಟಿಮೀಟರ್ ಆಳಕ್ಕೆ ಬೀಳಬೇಕಾದ ಬೀಜವನ್ನು ಐದು ಸೆಂಟಿಮೀಟರಿಗೆ ಇಳಿಸಿದವರು ಯಾರೆಂಬುದನ್ನೂ ಬರೆ.

ಭಾವ: ಆಳ ತಪ್ಪಿದ್ದು ನನ್ನಿಂದ. ಅದನ್ನು ಅಂದೇ ಒಪ್ಪಿಕೊಂಡಿದ್ದೇನೆ. ಹೂದಂಟು ಎದ್ದದ್ದಕ್ಕೂ ಆಳಕ್ಕೂ ಸಂಬಂಧವಿಲ್ಲ.

ಸೋದರತ್ತೆಯ ಮಗ: ಇದನ್ನೆಲ್ಲ ಓದುತ್ತಿದ್ದರೆ ಅಜ್ಜನ ಕಾಲದ ಕಟಾವು ನೆನಪಾಗುತ್ತದೆ. ನಾವು ಗೆಡ್ಡೆಗಳನ್ನು ಒಂದಕ್ಕೊಂದು ಬಡಿದು ಮಣ್ಣು ಉದುರಿಸುತ್ತಿದ್ದೆವು, ಅಜ್ಜ ಎಲೆಯ ಬುಡವನ್ನು ಒಂದೇ ಏಟಿಗೆ ಕತ್ತರಿಸುತ್ತಿದ್ದರು. ಬೆಳಿಗ್ಗೆ ರಾಶಿಯೊಳಗೆ ಕೈ ತೂರಿಸಿದರೆ ಎಷ್ಟು ಬೆಚ್ಚಗಿರುತ್ತಿತ್ತು!

ಅಕ್ಕ: ಆ ಬೆಚ್ಚಗೆಯೇ ನಷ್ಟ ಕಣೋ. ಕಿತ್ತ ಮೇಲೂ ಗೆಡ್ಡೆ ಉಸಿರಾಡುತ್ತದೆ, ತಾನು ಕೂಡಿಟ್ಟ ಸಕ್ಕರೆಯನ್ನೇ ಸುಡುತ್ತದೆ. ಅಮೆರಿಕದ ರೆಡ್ ರಿವರ್ ಕಣಿವೆಯಲ್ಲಿ ಅಕ್ಟೋಬರಿನಲ್ಲಿ ದೊಡ್ಡ ರಾಶಿ ಹಾಕುವಾಗ ಗೆಡ್ಡೆಯ ಒಳಬಿಸಿ ಸುಮಾರು 13 ಡಿಗ್ರಿ ಮೀರಿದರೆ ಕಟಾವನ್ನೇ ನಿಲ್ಲಿಸುತ್ತಾರೆ. ಹಾಗೆಂದು ಕಾಯುತ್ತಲೇ ಕೂತರೆ ಗಟ್ಟಿ ಹಿಮ ಬಿದ್ದು ಗೆಡ್ಡೆ ಹೆಪ್ಪುಗಟ್ಟುತ್ತದೆ, ಕರಗಿದ ಮೇಲೆ ಕೊಳೆಯುತ್ತದೆ.

ದೊಡ್ಡಪ್ಪ: ನಿಮ್ಮ ಅಜ್ಜ ರಾಶಿಯನ್ನು ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸಿದ್ದಿಲ್ಲ. ತೀರಿಕೊಂಡವರ ಮೇಲೆ ತಪ್ಪು ಹೊರಿಸಬೇಡ.

ಅಕ್ಕ: ನಾನು ಅಜ್ಜನನ್ನು ಏನೂ ಅನ್ನಲಿಲ್ಲ, ದೊಡ್ಡಪ್ಪ.

ಭಾವ: ಕಟಾವಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕೊನೆಯ ವಾರಗಳಲ್ಲಿ ಜೋರು ಮಳೆ ಬಂದರೆ ಗೆಡ್ಡೆ ನೀರು ಕುಡಿದು ದಪ್ಪವಾಗುತ್ತದೆ, ಸಕ್ಕರೆಯ ಪ್ರಮಾಣ ಇಳಿಯುತ್ತದೆ. ಹೋದ ಸಲ ತೂಕ ನೋಡಿ ಹಿಗ್ಗಿದವರು ಆಮೇಲೆ ಸಕ್ಕರೆಯ ಅಂಶ ನೋಡಿ ನನ್ನ ಮೇಲೆ ಸಿಟ್ಟಾದರು. ಯಾರೆಂದು ಹೇಳುವುದಿಲ್ಲ.

ಚಿಕ್ಕಪ್ಪ: ಹೇಳದೆಯೂ ಹೇಳಿದಂತಾಯಿತು.

ನಾನು: ಚಿಕ್ಕಪ್ಪ ಕಳಿಸಿದ ಸಂದೇಶದಲ್ಲಿ ‘ಹೆಚ್ಚು ಓದಿ’ ಎಂಬುದನ್ನು ಒತ್ತಿದವರು ಯಾರೂ ಇಲ್ಲವೆಂದು ಕಾಣುತ್ತದೆ. ನಾಲ್ಕನೆಯ ಸಾಲಿನಲ್ಲಿ ಹೀಗಿದೆ: ‘ಮಣ್ಣಿನ ಬಿಸಿ 5 ಡಿಗ್ರಿ ದಾಟಿ ಏರುತ್ತಿರುವಾಗ, ಬೀಜದ ಸಾಲು ಕೆಸರಾಗದಂತಿದ್ದಾಗ ಮಾತ್ರ.’ ಅಕ್ಕ ಹೇಳುತ್ತಿರುವುದೂ ಚಿಕ್ಕಪ್ಪ ಕಳಿಸಿದ್ದೂ ಹೆಚ್ಚುಕಡಿಮೆ ಒಂದೇ.

ಚಿಕ್ಕಪ್ಪ: ನಾನು ಪೂರ್ತಿ ಓದಿಯೇ ಕಳಿಸಿದ್ದು.

ಅಕ್ಕ: ಹಾಗಾದರೆ ‘ಈ ವಾರವೇ’ ಎಂದು ಏಕೆ ಬರೆದಿರಿ?

ದೊಡ್ಡಪ್ಪ: ಸಾಕು. ಥರ್ಮಾಮೀಟರ್ ಯಾರ ಬಳಿ ಇದೆ?

ಭಾವ: ಚಿಕ್ಕಪ್ಪನ ಬಳಿ. ಕೊಟ್ಟು ಎರಡು ವರ್ಷವಾಯಿತು.

ಚಿಕ್ಕಪ್ಪ (ಮರುದಿನ ಬೆಳಿಗ್ಗೆ): ಎಂಟು ಗಂಟೆಗೆ, ಐದು ಸೆಂಟಿಮೀಟರ್ ಆಳದಲ್ಲಿ 4 ಡಿಗ್ರಿ. ಮಣ್ಣು ಹಿಡಿದರೆ ಉಂಡೆಯಾಗುತ್ತದೆ, ಪುಡಿಯಾಗುತ್ತಿಲ್ಲ. ನಾಳೆಯೂ ನೋಡುತ್ತೇನೆ.

ಅಕ್ಕ: ಇದೇ ಹೊತ್ತಿಗೆ, ಇದೇ ಜಾಗದಲ್ಲಿ ನೋಡಿ ಚಿಕ್ಕಪ್ಪ. ಬೀಜದ ಚೀಲ ಅಲ್ಲಿಯವರೆಗೆ ಒಣಗಿದ ಕಡೆಯೇ ಇರಲಿ.