ಪದಚರ್ಚೆ: 'ಥ್ರಾಟ್ಲಿಂಗ್'ಗೆ ಏನನ್ನೋಣ? ಜೊತೆಗೆ ಬಿಸಿ, ಝಳ, ಗರಗರ

ಎಲ್ಲರಿಗೂ ನಮಸ್ಕಾರ.

ನಮ್ಮೂರ ಗ್ರಂಥಾಲಯದಲ್ಲಿ ನಾಲ್ಕು ಹಳೇ ಲ್ಯಾಪ್‌ಟಾಪ್ ಇವೆ. ಬೇಸಿಗೆ ಬಂತೆಂದರೆ ನಾಲ್ಕೂ ಒಟ್ಟಿಗೆ ಮೊರೆಯುತ್ತವೆ. ಮಕ್ಕಳು ಹೆದರಿ ಪಟ್ಟಂತ ಆಫ್ ಮಾಡಿಬಿಡುತ್ತಾರೆ. ಗೋಡೆಗೆ ಅಂಟಿಸೋಕೆ ಒಂದು ಪುಟ ಸೂಚನೆ ಬರೆಯಲು ಕೂತೆ. ಎರಡು ಕಡೆ ಸಿಕ್ಕಿಹಾಕಿಕೊಂಡೆ.

ಮೊದಲನೆಯದು 'ಥ್ರಾಟ್ಲಿಂಗ್'. ಪ್ರೊಸೆಸರ್ (ಲ್ಯಾಪ್‌ಟಾಪಿನ ಕೆಲಸವೆಲ್ಲ ನಡೆಸುವ ಮುಖ್ಯ ಚಿಪ್) ತೀರಾ ಕಾದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದಲ್ಲ, ಅದು. ರಿಪೇರಿ ಅಂಗಡಿಯಲ್ಲಿ 'ಹೀಟಾಗಿ ಸ್ಲೋ ಆಗುತ್ತೆ ಸಾರ್' ಅನ್ನುತ್ತಾರೆ. ಕೇಳಿದವರಿಗೆ ಲ್ಯಾಪ್‌ಟಾಪ್ ಕೆಟ್ಟಿತು ಅನ್ನಿಸುತ್ತದೆ. ನಿಜಕ್ಕೂ ಅದು ಕೆಟ್ಟಿಲ್ಲ, ಜಾಣತನ ಮಾಡುತ್ತಿದೆ. 'ವೇಗ ನಿಯಂತ್ರಣ' ಅಂತ ಬರೆದು ನೋಡಿದೆ. ಹೆದ್ದಾರಿ ಬದಿಯ ಫಲಕದ ಹಾಗೆ ಕಂಡಿತು, ಹೊಡೆದುಹಾಕಿದೆ.

ಹಾಲು ಉಕ್ಕಿ ಬರುವಾಗ ಉರಿ ಸಣ್ಣ ಮಾಡ್ತೀವಿ ಅಲ್ವಾ? ಇದೂ ಅದೇ ಕೆಲಸ. ಇಲ್ಲಿ ನಮ್ಮ 'ಕೊಳ್ಳು' ('ಮಾಡಿಕೊಳ್ಳು' ಅನ್ನುವಾಗ ಬರುವಂಥದ್ದು) ತುಂಬಾ ಉಪಯೋಗಕ್ಕೆ ಬರುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ಬೂಸ್ಟ್ (ಕೆಲಸ ಜೋರಿದ್ದಾಗ ಪ್ರೊಸೆಸರ್ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ, ಫ್ಯಾನಿನ ಗಲಾಟೆಯೂ ತಗ್ಗುತ್ತದೆ. ಅದು ನಾವು 'ಉರಿ ತಗ್ಗಿಸುವುದು'. ಪ್ರೊಸೆಸರ್ ತಾನೇ ಮಾಡಿದರೆ 'ಉರಿ ತಗ್ಗಿಸಿಕೊಳ್ಳುವುದು'. ಒಂದೇ ಪದದಲ್ಲಿ ಎರಡೂ ಸಿಕ್ಕಿತು. ನನ್ನ ಅಳುಕು ಒಂದೇ. ಲ್ಯಾಪ್‌ಟಾಪಿನ ಪಕ್ಕ 'ಉರಿ' ಅಂತ ಓದಿದವರು ಬೆಂಕಿ ಬಿತ್ತು ಅಂದುಕೊಂಡಾರೇ?

ಎರಡನೆಯದು 'ಸುರಕ್ಷಿತ ತಾಪಮಾನ'. ಪತ್ರಿಕೆಯ ಹವಾಮಾನ ಸುದ್ದಿಯಲ್ಲಿ 'ಉಷ್ಣಾಂಶ' ಅನ್ನುತ್ತಾರೆ. ಆದರೆ 'ಉಷ್ಣ' ಅಂದರೆ ಮನೆಯಲ್ಲಿ ಪಪ್ಪಾಯಿ ತಿಂದು ಬಾಯಿ ಹುಣ್ಣಾಗುವ ಉಷ್ಣ. (ನಮ್ಮಮ್ಮ ನನ್ನ ಲ್ಯಾಪ್‌ಟಾಪ್ ಮುಟ್ಟಿ 'ಇದಕ್ಕೆ ಉಷ್ಣ ಆಗಿದೆ, ಸ್ವಲ್ಪ ಬಿಡು' ಅಂದದ್ದುಂಟು. ತಪ್ಪೇನಿಲ್ಲ.) ಜನ ಕೇಳುವುದು 'ಎಷ್ಟು ಬಿಸಿ ತಡ್ಕೊಳ್ಳುತ್ತೆ?' ಅಂತ. ಹಾಗಾಗಿ 'ತಾಳುವ ಬಿಸಿ' ಅಂತ ಬರೆದಿದ್ದೇನೆ. ಇಂಟೆಲ್‌ನ ಎಷ್ಟೋ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಈ ಗಡಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿ ಕಂಪನಿಯ ಹಲವು ರೈಜನ್ ಪ್ರೊಸೆಸರ್‌ಗಳಿಗೆ 95. ಅಂದರೆ ಹೆಚ್ಚುಕಮ್ಮಿ ನೀರು ಕುದಿಯುವ ಬಿಸಿ! ಕೆಲಸ ಜೋರಿದ್ದಾಗ 80 ದಾಟಿದರೆ ಗಾಬರಿ ಬೇಡ. ಆದರೆ ಬ್ಯಾಟರಿಗೆ ಈ ತಾಳ್ಮೆ ಇಲ್ಲ, ಕಾದಷ್ಟೂ ಅದರ ಆಯಸ್ಸು ಕಮ್ಮಿ. 'ತಾಳುವ ಬಿಸಿ' ಅಂದಾಗ ಯಾವುದರದ್ದು ಅಂತ ಹೇಳಲೇಬೇಕು.

'ಬಿಸಿ' ಒಂದೇ ಪದ ಸಾಲದು ಅಂತ ಬರೆಯುವಾಗಲೇ ಗೊತ್ತಾದದ್ದು. ಕೀಬೋರ್ಡ್ ಬೆಚ್ಚಗಿರುತ್ತದೆ. ತಳ ಕಾದಿರುತ್ತದೆ. ಪಕ್ಕದ ಕಿಂಡಿಯಿಂದ ಕೈಗೆ ಹೊಡೆಯುವುದು ಝಳ, ಒಲೆಯ ಮುಂದೆ ಕೂತಾಗ ಮುಖಕ್ಕೆ ಬಡಿಯುವಂಥದ್ದು. ತಳ ಸುಡುತ್ತಿದೆ, ಫ್ಯಾನ್ ಕೂಗುತ್ತಿದೆ, ಆದರೂ ಝಳ ಬರ್ತಿಲ್ಲ ಅಂದರೆ ಹೆಚ್ಚಾಗಿ ಗಾಳಿಯ ದಾರಿ ಕಟ್ಟಿದೆ ಅಂತ. ಒಂದನ್ನು ಬಿಚ್ಚಿ ನೋಡಿದೆವು. ಬಾಚಣಿಗೆ ಹಲ್ಲಿನಂಥ ಲೋಹದ ಪಟ್ಟಿಗಳ ಮುಂದೆ ಧೂಳು ಹಳೇ ಕಂಬಳಿ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಎಳೆದರೆ ಇಡಿಯಾಗಿ ಎದ್ದು ಬಂತು.

ಸದ್ದಿನ ಪದಗಳು ಕೇಳದೆಯೇ ಬಂದವು. 'ಭರ್' ಅಂದರೆ ಬರೀ ಗಾಳಿ, ಚಿಂತೆ ಇಲ್ಲ. 'ಗರಗರ' ಅಂದರೆ ಫ್ಯಾನಿನ ಬೇರಿಂಗ್ ಸವೆದಿರಬಹುದು. 'ಟಕಟಕ' ಅಂದರೆ ರೆಕ್ಕೆಗೆ ಏನೋ ತಾಗುತ್ತಿದೆ. ಸಣ್ಣಗೆ 'ಕೀಂಯ್' ಅಂದರೆ ಹೆಚ್ಚಾಗಿ ಫ್ಯಾನೇ ಅಲ್ಲ, ಒಳಗಿನ ಕಾಯಿಲ್ (ತಂತಿಯ ಸುರುಳಿ). ಇವನ್ನೆಲ್ಲ ಹಾಗೇ ಬರೆದಿದ್ದೇನೆ. 'ಬೀಸಣಿಗೆ' ಅಂತ ಮಾತ್ರ ಬರೆಯಲಿಲ್ಲ. ಅದು ಕೈಯಲ್ಲಿ ಬೀಸುವುದಕ್ಕೇ ಇರಲಿ.

ಸದ್ಯಕ್ಕೆ ಸೂಚನೆಯ ಮೊದಲ ಸಾಲುಗಳು ಹೀಗಿವೆ: 'ಫ್ಯಾನ್ ಜೋರಾದರೆ ಹೆದರಬೇಡಿ. ದಿಂಬಿನ ಮೇಲೆ, ತೊಡೆಯ ಮೇಲೆ ಇಡಬೇಡಿ, ಮೇಜಿನ ಮೇಲಿಡಿ. ತೀರಾ ಕಾದರೆ ಲ್ಯಾಪ್‌ಟಾಪ್ ತಾನೇ ಉರಿ ತಗ್ಗಿಸಿಕೊಳ್ಳುತ್ತದೆ, ಆಗ ನಿಧಾನ ಆಗುತ್ತದೆ.'

'ಉರಿ' ಇರಲೇ, ತೆಗೆಯಲೇ? ಕಲಬುರಗಿ, ರಾಯಚೂರು ಕಡೆಯವರು ಬಿಸಿಲನ್ನು ನಮಗಿಂತ ಜಾಸ್ತಿ ಕಂಡವರು. ನಿಮ್ಮಲ್ಲಿ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ. ಸೋಮವಾರ ಪ್ರಿಂಟ್ ಹಾಕಿಸಬೇಕು.