ಏನನ್ನೂ ಸೇರಿಸದ, ಏನನ್ನೂ ತೆಗೆಯದ ಕಿಣ್ವ ಯಾಕೆ ಬೇಕು?

ಹೊಸಕಲಿಕೆ: ಗ್ಲೈಕಾಲಿಸಿಸ್ (ಜೀವಕೋಶ ಗ್ಲೂಕೋಸ್ ಒಡೆದು ಶಕ್ತಿ ಪಡೆಯುವ ದಾರಿ) ಓದುತ್ತಿದ್ದೇನೆ. ಗ್ಲೂಕೋಸ್ ನಡುವಿನಲ್ಲಿ ಮೂರು ಇಂಗಾಲದ ಎರಡು ತುಂಡಾಗುತ್ತದೆ: ಡೈಹೈಡ್ರಾಕ್ಸಿಅಸಿಟೋನ್ ಫಾಸ್ಫೇಟ್ (ಡಿಎಚ್‌ಎಪಿ) ಮತ್ತು ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್ (ಜಿ3ಪಿ). ಎರಡರಲ್ಲೂ ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಮಾತ್ರ ಬೇರೆ. ಒಂದನ್ನು ಇನ್ನೊಂದು ಮಾಡೋಕೆ ಅಂತಲೇ ಒಂದು ಐಸೊಮರೇಸ್ (ಜೋಡಣೆ ಮಾತ್ರ ಬದಲಿಸುವ ಕಿಣ್ವ) ಯಾಕೆ? ಇದ್ದ ಹಾಗೇ ಬಳಸಿಕೊಂಡರೆ ಆಗಲ್ವಾ?

ಸ್ಫಟಿಕ: ಆಗಲ್ಲ. ಮುಂದಿನ ಹಂತದ ಕಿಣ್ವ ಹಿಡಿಯುವುದು ಜಿ3ಪಿಯನ್ನು ಮಾತ್ರ. ಶುರುವಿನಲ್ಲಿ 2 ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಖರ್ಚಾಗಿರುತ್ತದೆ. ಒಂದೊಂದು ಜಿ3ಪಿಯಿಂದ 2 ವಾಪಸ್ ಬರುತ್ತದೆ. ಡಿಎಚ್‌ಎಪಿ ಹಾಗೇ ಉಳಿದುಬಿಟ್ಟರೆ ಲಾಭ ಸೊನ್ನೆ.

ಮುಂಗಾರು: ಹೌದು, ಅದಕ್ಕೇ ಈ ಕಿಣ್ವ ಡಿಎಚ್‌ಎಪಿಯನ್ನು ಜಿ3ಪಿ ಕಡೆಗೆ ತಳ್ಳುತ್ತದೆ.

ಸ್ಫಟಿಕ: 'ತಳ್ಳುತ್ತದೆ' ಅನ್ನೋದನ್ನು ನಾನು ಒಪ್ಪಲ್ಲ. ಸಮತೋಲನಕ್ಕೆ ಬಂದಾಗ ಸುಮಾರು 96% ಡಿಎಚ್‌ಎಪಿಯೇ ಇರುತ್ತದೆ. ಕಿಣ್ವ ಎರಡೂ ದಿಕ್ಕಿಗೆ ವೇಗ ಕೊಡುತ್ತದೆ, ಅಷ್ಟೆ. ಮುಂದಿನ ಹಂತ ಜಿ3ಪಿಯನ್ನು ಖಾಲಿ ಮಾಡುತ್ತಾ ಇರುವುದರಿಂದ ಹರಿವು ಆ ಕಡೆಗೆ.

ಮುಂಗಾರು: ಸರಿ, ಆ ಮಾತು ವಾಪಸ್. ಆದರೆ 'ವೇಗ, ಅಷ್ಟೆ' ಅಂದರೆ ಈ ಕಿಣ್ವಕ್ಕೆ ಅನ್ಯಾಯ. ಒಳಗೆ ಏನಾಗುತ್ತದೆ ನೋಡಿ. ಕಿಣ್ವದ 165ನೇ ಜಾಗದಲ್ಲಿರುವ ಗ್ಲುಟಮೇಟ್ ಅನ್ನುವ ಅಮೈನೋ ಆಮ್ಲ ಡಿಎಚ್‌ಎಪಿಯ ಮೊದಲ ಇಂಗಾಲದಿಂದ ಒಂದು ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಆಗ ಎನ್‌ಡಯಾಲ್ ಅನ್ನುವ ನಡುವಿನ ರೂಪ ಹುಟ್ಟುತ್ತದೆ. ಆಮೇಲೆ ಪಕ್ಕದ ಇಂಗಾಲಕ್ಕೆ ಪ್ರೋಟಾನ್ ಸಿಕ್ಕಿ ಜಿ3ಪಿ ತಯಾರು. ಕಷ್ಟ ಇರುವುದು ಆ ನಡುವಿನ ರೂಪದಲ್ಲಿ. ಅದನ್ನು ನೀರಿಗೆ ಬಿಟ್ಟರೆ, ಜಿ3ಪಿ ಆಗುವುದಕ್ಕಿಂತ ಸುಮಾರು 100 ಪಟ್ಟು ಬೇಗ ಫಾಸ್ಫೇಟ್ ಕಳಚಿಕೊಂಡು ಮೀಥೈಲ್‌ಗ್ಲೈಆಕ್ಸಲ್ ಆಗಿಬಿಡುತ್ತದೆ. ಅದು ಪ್ರೋಟೀನಿಗೂ ಡಿಎನ್‌ಎಗೂ ಅಂಟಿಕೊಂಡು ಕೆಡಿಸುವ ವಿಷ. ಅದಕ್ಕೇ ಕಿಣ್ವದ 10 ಅಮೈನೋ ಆಮ್ಲಗಳ ಒಂದು ಕುಣಿಕೆ ಮುಚ್ಚಳದ ಹಾಗೆ ಕೂತು, ಕೆಲಸ ಮುಗಿಯುವ ತನಕ ಎನ್‌ಡಯಾಲನ್ನು ಹೊರಗೆ ಬಿಡಲ್ಲ.

ಸ್ಫಟಿಕ: ಈ ಮುಚ್ಚಳದ ವಿಷಯ ನಾನು ಮೊದಲೇ ಹೇಳಬೇಕಿತ್ತು. ಒಪ್ಪಿದೆ.

ಎಳೆಸುರುಳಿ: 'ತಳ್ಳುವ' ಐಸೊಮರೇಸ್ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಬ್ಯಾಕ್ಟೀರಿಯಾದ ಡಿಎನ್‌ಎ ಗೈರೇಸ್ ಕೂಡ ಇದೇ ಗುಂಪಿನದು, 1976ರಲ್ಲಿ ಪತ್ತೆಯಾಯಿತು. ಡಿಎನ್‌ಎಯ ಎರಡೂ ಎಳೆ ಕತ್ತರಿಸಿ, ಆ ಸಂದಿಯಲ್ಲಿ ಇನ್ನೊಂದು ಭಾಗವನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ. ಅಕ್ಷರಗಳ ಸಾಲು ಹಾಗೇ ಇರುತ್ತದೆ, ಬದಲಾಗುವುದು ಸುರುಳಿ. ತಾನಾಗೇ ಆಗದ ಬಿಗಿತವನ್ನು ಎಟಿಪಿ ಉರಿಸಿ ತುಂಬುತ್ತದೆ. ಇಲ್ಲಿ ಮುಂಗಾರು ಅವರ ಪದ ಸರಿಯಾಗೇ ಕೂರುತ್ತದೆ.

ಹೊಸಕಲಿಕೆ: ಅಂದರೆ ಎಟಿಪಿ ನಿಲ್ಲಿಸಿದರೆ ಗೈರೇಸ್ ಸುಮ್ನೆ ಆಗಿಬಿಡುತ್ತದಾ?

ಎಳೆಸುರುಳಿ: ಬಿಗಿ ಮಾಡುವುದು ನಿಲ್ಲುತ್ತದೆ. ಇದ್ದ ಬಿಗಿತವನ್ನು ನಿಧಾನಕ್ಕೆ ಸಡಿಲ ಮಾಡಬಲ್ಲದು, ಅದಕ್ಕೆ ಎಟಿಪಿ ಬೇಡ.